ಐದು ಸೆಂಟಿಮೀಟರು

ಫೆಬ್ರವರಿ 14

ಗಾಜಿನ ಮಾವನಿಗೆ ನಮಸ್ಕಾರ.

ಕೈಬರಹ ನೋಡಿ ಯಾರೆಂದು ಗೊತ್ತಾಗಲಿಕ್ಕಿಲ್ಲ. ನೀವು ಕೊನೆಯ ಸಲ ನನ್ನನ್ನು ನೋಡಿದಾಗ ನನಗೆ ಎಂಟು ವರ್ಷ, ಬರೆಯುತ್ತಿದ್ದುದು ಸ್ಲೇಟಿನ ಮೇಲೆ. ನಾನು ಬಡಗಿ ಮೇಸ್ತ್ರಿಯ ಮಗಳು. ದುರ್ಬೀನಿಗೆ ಕಣ್ಣಿಡಲು ಎತ್ತರ ಸಾಲದೆ ಸ್ಟೂಲು ಎಳೆದು ತಂದು, ಹತ್ತಿದ ಮೇಲೆ ಇಳಿ ಎಂದರೂ ಇಳಿಯದೆ ಇದ್ದವಳು. ‘ಸ್ಟೂಲಿನ ರಾಣಿ’ ಎಂದು ಕರೆಯುತ್ತಿದ್ದಿರಿ. ರಾಣಿಗೆ ಈಗ ಮೂವತ್ತಾರು. ಬಸ್ ನಿಲ್ದಾಣದ ಎದುರಿನ ಓಣಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. “ಗದ್ದ ಸ್ವಲ್ಪ ಕೆಳಗೆ” ಎಂದು ದಿನವಿಡೀ ಜನರಿಗೆ ಅಪ್ಪಣೆ ಕೊಡುವುದರಿಂದ ಹಳೆಯ ಬಿರುದಿಗೆ ಮೋಸವೇನೂ ಆಗಿಲ್ಲ.

ನಿಮ್ಮ ವಿಳಾಸವನ್ನು ಕನ್ನಡಕದ ಅಂಗಡಿಯವರು ಕೊಟ್ಟರು. ನಿಮಗೆ ಕಿವಿ ಮಂದ, ಫೋನ್ ಮಾಡಿದರೆ ಪ್ರಯೋಜನವಿಲ್ಲ, ಕಾಗದ ಬರೆ ಎಂದರು. ಬರೆಯುತ್ತಿರುವುದು ಅಪ್ಪನಿಗೆ ಗೊತ್ತಿಲ್ಲ. ನೀವು ಊರು ಬಿಟ್ಟ ಮೇಲೆ ನಮ್ಮ ಮನೆಯಲ್ಲಿ ನಿಮ್ಮ ಮಾತು ಬಂದರೆ ಅಪ್ಪ ಎದ್ದು ಕೈ ತೊಳೆಯಲು ಹೋಗುತ್ತಿದ್ದರು. ಅಮ್ಮ ಇದ್ದಿದ್ದರೆ ಈ ಕಾಗದ ಅವಳೇ ಬರೆಯುತ್ತಿದ್ದಳೇನೋ. ಅವಳು ಹೋಗಿ ಆರು ವರ್ಷವಾಯಿತು.

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಅಪ್ಪನ ಕಣ್ಣು ಹೋಗುತ್ತಿದೆ. ನೇರ ನೋಡಿದರೆ ನಡುವೆ ಒಂದು ಕಪ್ಪು ಮಚ್ಚೆ. ಓರೆಯಾಗಿ ನೋಡಿದರೆ ಅಂಚಿನಲ್ಲಿ ಅಷ್ಟಿಷ್ಟು ಕಾಣುತ್ತದೆ. ಅದೂ ಈ ವರ್ಷ ಮುಗಿಯುವುದರೊಳಗೆ ಇನ್ನಷ್ಟು ಮಂಕಾಗಬಹುದು ಎಂದು ಡಾಕ್ಟರು ಹೇಳಿದ್ದಾರೆ. ದುರ್ಬೀನಿನಲ್ಲಿ ಕಣ್ಣಿಡುವ ಐಪೀಸು ಬಟಾಣಿ ಕಾಳಿನಷ್ಟು ತೂತು, ಅದರಲ್ಲಿ ಓರೆಗಣ್ಣು ನಡೆಯುವುದಿಲ್ಲ. ಹೀಗಾಗಿ ಅಪ್ಪ ಚಂದ್ರನನ್ನು ನೋಡಿ ಎರಡು ವರ್ಷವಾಯಿತು. ಆದರೆ ದೊಡ್ಡ ಟೀವಿಯನ್ನು ಮುಖ ಪಕ್ಕಕ್ಕೆ ತಿರುಗಿಸಿಕೊಂಡು ನೋಡುತ್ತಾರೆ. ಐಪೀಸಿನ ಜಾಗದಲ್ಲಿ ನನ್ನ ಕ್ಯಾಮೆರಾ ಕೂರಿಸಿ, ಅಲ್ಲಿಂದ ಟೀವಿಗೆ ವೈರು ಎಳೆದರೆ ಆಯಿತಲ್ಲ ಎಂದುಕೊಂಡೆ.

ಆಗಲಿಲ್ಲ. ಬಳೆಯಂಥ ಒಂದು ಜೋಡಣೆ ತರಿಸಿ ಕ್ಯಾಮೆರಾ ಕೂರಿಸಿದೆ. ಟೀವಿಯಲ್ಲಿ ಬಂದದ್ದು ಹಾಲು ಚೆಲ್ಲಿದ ಹಾಗೆ ಬಿಳಿ ಕಲೆ. ಫೋಕಸ್ ಕೊಳವೆಯನ್ನು ಒಳಕ್ಕೆ ತಿರುಗಿಸುತ್ತಾ ಹೋದಂತೆ ಕಲೆ ಚಿಕ್ಕದಾಗುತ್ತದೆ, ಇನ್ನೇನು ಚಂದ್ರ ಬಂದ ಎನ್ನುವಾಗ ಕೊಳವೆ ತಳಕ್ಕೆ ತಾಗಿ ನಿಂತುಬಿಡುತ್ತದೆ. ಮೂರು ಸಂಜೆ ಇದೇ ಹಾಡು. ಹದಿನೆಂಟು ವರ್ಷದಿಂದ ಕ್ಯಾಮೆರಾ ಹಿಡಿದವಳು ನಾನು, ಚಂದ್ರನ ಮುಂದೆ ಮುಖದ ನೀರಿಳಿಯಿತು.

ಅಪ್ಪನನ್ನು ಕೇಳಿದರೆ, “ಆ ಕನ್ನಡಿ ಮೊದ್ಲಿಂದಾನೂ ಹಂಗೇ. ಬಿಡು,” ಎನ್ನುತ್ತಾರೆ. ನಾನು ಬಿಡುವವಳಲ್ಲ. ದುರ್ಬೀನಿನ ಕನ್ನಡಿ ಉಜ್ಜಿ ಮಾಡಿದವರು ನೀವು, ಏನು ಮಾಡಬೇಕೆಂದು ನೀವೇ ಹೇಳಬೇಕು.

ಇಂತಿ,
ಸ್ಟೂಲಿನ ರಾಣಿ


ಫೆಬ್ರವರಿ 23

ರಾಣಿಗೆ,

ಕಾಗದ ಬಂತು. ಅಮ್ಮನ ಸುದ್ದಿ ಗೊತ್ತಿರಲಿಲ್ಲ. ಸಂಕಟವಾಯಿತು. ನಿಮ್ಮ ಮನೆಯಲ್ಲಿ ನನಗೆ ಮೊದಲು ಲೋಟ ಕೊಟ್ಟು ಆಮೇಲೆ ಬಂದ ಕೆಲಸ ಕೇಳುತ್ತಿದ್ದವರು ಅವರೊಬ್ಬರೇ.

ಕ್ಯಾಮೆರಾ ಕೆಟ್ಟಿಲ್ಲ, ನಿನ್ನ ಕೈಯೂ ಕೆಟ್ಟಿಲ್ಲ. ಕೇಳು. ದುರ್ಬೀನಿನ ದೊಡ್ಡ ಕೊಳವೆಯ ತಳದಲ್ಲಿ ಕೂತ ದೊಡ್ಡ ಕನ್ನಡಿ ಬೆಳಕನ್ನು ಒಂದು ಬಿಂದುವಿಗೆ ಕೂಡಿಸಿ ಮೇಲಕ್ಕೆ ಕಳಿಸುತ್ತದೆ. ದಾರಿಯಲ್ಲಿ ಚಿಕ್ಕ ಓರೆ ಕನ್ನಡಿ ಅದನ್ನು ಪಕ್ಕದ ತೂತಿನಿಂದ ಹೊರಕ್ಕೆ ತಿರುಗಿಸುತ್ತದೆ. ಕೊಳವೆಯ ಗೋಡೆಯಿಂದ ಎಷ್ಟು ಹೊರಗೆ ಬಿಂಬ ಮೂಡುತ್ತದೆ ಎನ್ನುವುದೇ ಎಲ್ಲ. ಐಪೀಸು ಗೋಡೆಯ ಹತ್ತಿರವೇ ಹೋಗಿ ಬಿಂಬವನ್ನು ಹಿಡಿಯುತ್ತದೆ. ಕ್ಯಾಮೆರಾ ಹಾಗಲ್ಲ. ಅದು ನೋಡುವ ಜಾಗ ಅದರ ಹೊಟ್ಟೆಯೊಳಗೆ, ಬಾಯಿಂದ ನಾಲ್ಕೂವರೆ ಸೆಂಟಿಮೀಟರು ಹಿಂದೆ ಇದೆ. ನಿನ್ನ ಬಳೆಯೊಂದು ಬೇರೆ. ಬಿಂಬ ಅಷ್ಟು ದೂರ ಬರುತ್ತಿಲ್ಲ, ಫೋಕಸ್ ಕೊಳವೆ ಇನ್ನೂ ಒಳಗೆ ಹೋಗುವುದಿಲ್ಲ. ಇಬ್ಬರೂ ಒಂದೇ ಬಾಗಿಲಿನ ಈಚೆ ಆಚೆ ನಿಂತಿದ್ದಾರೆ.

ನಾವು ಲೆಕ್ಕ ಹಾಕಿದ್ದು ಹೀಗೆ: ಕನ್ನಡಿಯ ಬಿಂಬ ನೂರ ಇಪ್ಪತ್ತು ಸೆಂಟಿಮೀಟರಿನಲ್ಲಿ. ಕನ್ನಡಿಯಿಂದ ತೂತಿನ ನೇರಕ್ಕೆ ನೂರು, ಕೊಳವೆಯ ನಡುವಿನಿಂದ ಗೋಡೆಗೆ ಹತ್ತು, ಗೋಡೆಯಿಂದ ಹೊರಗೆ ಹತ್ತು. ಹತ್ತು ಹೊರಗೆ ಬರಲೇಬೇಕು ಎಂದು ಹಟ ಹಿಡಿದವನು ನಿನ್ನ ಅಪ್ಪನೇ. “ಇವತ್ತಲ್ಲ ನಾಳೆ ಕ್ಯಾಮೆರಾ ಹಾಕ್ಬೇಕಲ್ಲಯ್ಯ,” ಎಂದಿದ್ದ. ಆದರೆ ನನ್ನ ಕನ್ನಡಿ ಐದು ಕಡಿಮೆ ಬಂತು. ಅದು ನನ್ನ ತಪ್ಪು, ಎಲ್ಲರಿಗೂ ಗೊತ್ತಿರುವ ವಿಷಯ. ಮೇಸ್ತ್ರಿ ಎತ್ತರದ ಫೋಕಸ್ ಕೊಳವೆಯನ್ನು ಮೋಟು ಮಾಡಿ ಹೇಗೋ ಐಪೀಸಿಗೆ ಹೊಂದಿಸಿದ. ಕ್ಯಾಮೆರಾಗೆ ಮಾತ್ರ ಜಾಗ ಉಳಿಯಲಿಲ್ಲ.

ದಾರಿ ಎರಡು. ಒಂದು, ನಡುವೆ ಇನ್ನೊಂದು ಮಸೂರ ಇಟ್ಟು ಬಿಂಬವನ್ನು ಹೊರಕ್ಕೆ ತಳ್ಳುವುದು. ಸುಲಭ, ಆದರೆ ಚಂದ್ರ ವಿಪರೀತ ದೊಡ್ಡದಾಗಿ ಚೌಕಟ್ಟಿನಲ್ಲಿ ಹಿಡಿಸುವುದಿಲ್ಲ. ಎರಡು, ಕನ್ನಡಿಯ ತಳದ ಮೂರು ಬೋಲ್ಟು ಬಿಚ್ಚಿ ಉದ್ದದವು ಹಾಕಿ, ಕನ್ನಡಿಯನ್ನೇ ಐದು ಸೆಂಟಿಮೀಟರು ಮೇಲಕ್ಕೆ ಏರಿಸುವುದು. ಅದೇ ಸರಿಯಾದ ಮದ್ದು. ಮೊದಲು ಅಪ್ಪನ ಒಪ್ಪಿಗೆ ತೆಗೆದುಕೋ.

ನನ್ನ ಹೆಸರು ಎತ್ತಬೇಡ.

ಹಳೆಯ ಗಾಜಿನ ಕೆಲಸದವನು


ಮಾರ್ಚ್ 14

ಮಾವನಿಗೆ,

ಸುಲಭದ ದಾರಿ ಮೊದಲು ಹಿಡಿದೆ, ಬೈಯಬೇಡಿ. ಮೂರು ಪಟ್ಟು ದೊಡ್ಡದು ಮಾಡುವ ಮಸೂರವೊಂದನ್ನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಎರವಲು ಕೊಟ್ಟರು. ಮೊನ್ನೆ ಅರ್ಧ ಚಂದ್ರ. ಸಂಜೆ ಏಳಕ್ಕೆಲ್ಲ ತಾರಸಿಯಲ್ಲಿ ದುರ್ಬೀನು, ಮೆಟ್ಟಿಲ ಮೇಲಿಂದ ವೈರು, ನಡುಮನೆಯಲ್ಲಿ ಟೀವಿ, ಅದರ ಮುಂದೆ ಅಪ್ಪ. ಫೋಕಸ್ ಬಂತು ಮಾವ! ಓಡಿ ಬಂದು ಕೇಳಿದೆ, “ಅಪ್ಪಾ, ಕಾಣ್ತಿದ್ಯಾ?”

ಅಪ್ಪ ಮುಖ ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. “ಯಾರ್ದೋ ಮನೆ ಗೋಡೆ ಗಾರೆ ಕಿತ್ತೋಗಿದೆ,” ಎಂದರು.

“ಅದು ಚಂದ್ರ ಅಪ್ಪಾ!”

“ಚಂದ್ರ ದುಂಡಗಿರುತ್ತೆ. ಅಂಚೇ ಇಲ್ದಿದ್ದು ಎಂಥ ಚಂದ್ರ? ಚೌಕಟ್ಟಿಲ್ದೆ ಬಾಗ್ಲು ಮಾಡ್ದಂಗೆ.”

ಅವರು ಹೇಳಿದ್ದು ನ್ಯಾಯವೇ. ಅವರಿಗೆ ಕಾಣುವುದೇ ಅಂಚಿನಿಂದ. ಅಂಚೇ ಪರದೆಯ ಹೊರಗೆ ಉಳಿದರೆ ಅವರು ಯಾವುದನ್ನು ಹಿಡಿಯಬೇಕು? ಮೇಲಾಗಿ ಗಾಳಿ ಬೀಸಿದರೆ ಚಂದ್ರ ಟೀವಿಯಿಂದ ಹಾರಿ ಪಕ್ಕದ ಮನೆಗೆ ಹೋಗುತ್ತಿತ್ತು.

ಆಗ ಹೇಳಿದೆ, “ಹಾಗಾದ್ರೆ ಕನ್ನಡಿ ಐದು ಸೆಂಟಿಮೀಟರು ಮೇಲೆ ಏರಿಸ್ಬೇಕು. ನಾಳೆ ಬಿಚ್ತೀನಿ.” ಅಪ್ಪ ಕುರ್ಚಿಯಿಂದ ಎದ್ದ ರಭಸಕ್ಕೆ ನೀರಿನ ಚೊಂಬು ಉರುಳಿತು. “ಕನ್ನಡಿಗೆ ಕೈ ಹಾಕ್ಬೇಡ! ಹೇಳಿದೀನಿ, ಹಾಕ್ಬೇಡ!” ಎಂದು ಕಿರುಚಿದರು. ನನ್ನ ಮೇಲೆ ಅಪ್ಪ ದನಿ ಎತ್ತಿದ್ದು ನನಗೆ ನೆನಪಿಲ್ಲ. ಹೊಸ ಬಾಗಿಲಿಗೆ ನಾನು ಬಣ್ಣದ ಪೆನ್ಸಿಲಿನಲ್ಲಿ ಆನೆ ಬರೆದಾಗಲೂ ಎತ್ತಿರಲಿಲ್ಲ. “ಐದು ಅಂತ ನಿಂಗ್ಯಾರು ಹೇಳಿದ್ದು?” ಎಂದು ಆಮೇಲೆ ಮೆತ್ತಗೆ ಕೇಳಿದರು. ಕ್ಯಾಮೆರಾ ಪುಸ್ತಕದಲ್ಲಿದೆ ಎಂದು ಸುಳ್ಳು ಹೇಳಿದೆ.

ನನಗೆ ಒಂದು ಅರ್ಥವಾಗುತ್ತಿಲ್ಲ. ತಪ್ಪು ನಿಮ್ಮದು ಎಂದ ಮೇಲೆ ಅಪ್ಪನಿಗೇಕೆ ಅಷ್ಟು ಉರಿ? ದುರ್ಬೀನು ಜೋಡಿಸಿದ ದಿನ ನಿಜವಾಗಿ ಏನಾಯಿತು? ಸ್ಟೂಲಿನ ಮೇಲೆ ನಿಂತವಳಿಗೆ ದೊಡ್ಡವರ ಜಗಳ ಅರ್ಥವಾಗಿರಲಿಲ್ಲ. ನೀವು ಚಪ್ಪಲಿ ಮರೆತು ಬರಿಗಾಲಲ್ಲಿ ಹೋದದ್ದು ಮಾತ್ರ ಕಣ್ಣಿಗೆ ಕಟ್ಟಿದೆ.

ರಾಣಿ


ಮಾರ್ಚ್ 25

ರಾಣಿಗೆ,

ಚಪ್ಪಲಿ ನೆನಪಿಟ್ಟುಕೊಂಡಿದ್ದೀಯಲ್ಲ, ಭೇಷ್. ಅವು ಹೊಸವಾಗಿದ್ದವು.

ಏಳು ತಿಂಗಳು ಆ ಗಾಜು ಉಜ್ಜಿದೆ. ಗಾಜಿನ ಅಂಗಡಿ ಮುಚ್ಚಿದ ಮೇಲೆ ಹಿಂದಿನ ಕೋಣೆಯಲ್ಲಿ, ಒಂದು ಡ್ರಮ್ಮಿನ ಮೇಲೆ ಗಾಜಿಟ್ಟು, ಸುತ್ತ ನಡೆಯುತ್ತಾ. ಉಜ್ಜುವುದು, ಒಂದು ಹೆಜ್ಜೆ ಸರಿಯುವುದು, ಮತ್ತೆ ಉಜ್ಜುವುದು. ನೆಲದಲ್ಲಿ ನನ್ನ ಕಾಲಿನ ದಾರಿ ದುಂಡಗೆ ಮೂಡಿತ್ತು. ನಿನ್ನ ಅಪ್ಪ ಬಂದು ಬಾಗಿಲಿಗೆ ಒರಗಿ, “ಏನಯ್ಯ ಉಜ್ಜಪ್ಪ, ಇನ್ನೂ ಎಷ್ಟು ಉಜ್ತೀಯ, ಆ ಕಡೆ ತೂತು ಬೀಳುತ್ತೆ,” ಎಂದು ನಗುತ್ತಿದ್ದ. ಆ ಹೆಸರು ಅವನೇ ಇಟ್ಟದ್ದು. ಅವನ ಪ್ಲೈವುಡ್ ಕೊಳವೆ ಹದಿನೈದು ದಿನದಲ್ಲಿ ತಯಾರಾಗಿತ್ತು, ನಾಲ್ಕು ಮೂಲೆಯೂ ಕೂದಲೆಳೆಯಷ್ಟು ಬಿರುಕಿಲ್ಲದೆ. ನನ್ನ ಕನ್ನಡಿಯ ಅಳತೆ ನಾನು ನಾಲ್ಕು ಸಲ ತೆಗೆದಿದ್ದೆ. ನೂರ ಇಪ್ಪತ್ತು.

ಜೋಡಿಸಿದ ಸಂಜೆ ಬೀದಿಯವರೆಲ್ಲ ಕುರ್ಚಿ ತಂದು ಕೂತಿದ್ದರು. ಬಿಂಬ ಸಿಗಲಿಲ್ಲ. ನಿನ್ನ ಅಪ್ಪ ಐಪೀಸು ಕೈಯಲ್ಲಿ ಹಿಡಿದು ಹುಡುಕಿದ, ಗೋಡೆಯ ಹತ್ತಿರವೇ ಸಿಕ್ಕಿತು, ಹತ್ತರ ಬದಲು ಐದರಲ್ಲಿ. ಎಲ್ಲರ ಎದುರು ಹೇಳಿದ, “ನಿನ್ ಕನ್ನಡಿ ಐದು ಸೆಂಟಿಮೀಟರು ಕಮ್ಮಿ ಕಣಯ್ಯ. ಏಳು ತಿಂಗ್ಳು ಏನ್ ಉಜ್ಜಿದ್ಯೋ!” ಜನ ನಕ್ಕರು. ಅವನೂ ನಕ್ಕ. ನಾನು ಜಗಳ ಆಡಲಿಲ್ಲ ರಾಣಿ, ನಂಬಿಬಿಟ್ಟೆ. ಮೇಸ್ತ್ರಿಯ ಅಳತೆ ತಪ್ಪಿದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ನನ್ನದೇ ತಪ್ಪಿರಬೇಕು ಎಂದುಕೊಂಡೆ. ಆ ತಿಂಗಳೇ ಡ್ರಮ್ಮು, ಉಜ್ಜುವ ಪುಡಿ, ಉಳಿದ ಗಾಜು ಎಲ್ಲ ಬೇರೆಯವರಿಗೆ ಕೊಟ್ಟು ಈ ಊರಿಗೆ ಬಂದೆ. ಮತ್ತೆ ಕನ್ನಡಿ ಉಜ್ಜಲಿಲ್ಲ. ಕನ್ನಡಕದ ಗಾಜು ಕೂರಿಸಿದೆ, ಅದಕ್ಕೆ ಯಂತ್ರ ಇದೆ, ನನ್ನ ಕೈಯನ್ನು ಯಾರೂ ನಂಬಬೇಕಿರಲಿಲ್ಲ.

ಕನ್ನಡಿ ಎಷ್ಟು ಏರಿಸಬೇಕೆಂದು ನಿಖರವಾಗಿ ತಿಳಿಯಬೇಕಾದರೆ ನೀನೇ ಅಳೆದುಕೋ. ಮುಟ್ಟುವ ಅಗತ್ಯವಿಲ್ಲ, ಅಪ್ಪನ ಮಾತು ಮೀರಿದ ಹಾಗೂ ಆಗುವುದಿಲ್ಲ. ಹಗಲಲ್ಲೇ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೊಳವೆಯನ್ನು ಎರಡು ಕುರ್ಚಿಗಳ ಮೇಲೆ ಮಲಗಿಸು. ಟಾರ್ಚಿನ ಬಾಯಿಗೆ ಬೆಳ್ಳಿ ಕಾಗದ ಅಂಟಿಸಿ ಸೂಜಿಯಿಂದ ಚುಚ್ಚು. ಪಕ್ಕದಲ್ಲೇ ಒಂದು ಬಿಳಿ ರಟ್ಟು. ಎರಡನ್ನೂ ಒಟ್ಟಿಗೆ ಹಿಡಿದು ಕೊಳವೆಯ ಬಾಯಿಯ ಎದುರು ಹಿಂದೆ ಮುಂದೆ ನಡೆ. ಕನ್ನಡಿಯಿಂದ ಮರಳಿ ಬಂದ ಚುಕ್ಕಿ ರಟ್ಟಿನ ಮೇಲೆ ಎಲ್ಲಿ ಚೂಪಾಗಿ ಮೂಡುತ್ತದೋ ಅಲ್ಲಿ ನಿಲ್ಲು. ಆ ದೂರದ ಅರ್ಧವೇ ಕನ್ನಡಿಯ ಅಳತೆ. ಗಾಜು ಎರಡೂವರೆ ಸೆಂಟಿಮೀಟರು ದಪ್ಪ, ಹಿಂಬದಿಯಿಂದ ಅಳೆದರೆ ಅಷ್ಟನ್ನು ಕಳೆ.

ನೂರ ಹದಿನೈದು ಬರುತ್ತದೆ. ಬರೆದು ತಿಳಿಸು.

ಹಳೆಯ ಗಾಜಿನ ಕೆಲಸದವನು


ಏಪ್ರಿಲ್ 3

ಮಾವಾ,

ಕೂತುಕೊಂಡು ಓದಿ.

ಭಾನುವಾರ ಅಪ್ಪ ಕ್ಷೌರಕ್ಕೆ ಹೋದಾಗ ನೀವು ಹೇಳಿದಂತೆಯೇ ಮಾಡಿದೆ. ಚುಕ್ಕಿ ಚೂಪಾಗಿ ಮೂಡಿದ ಜಾಗದಲ್ಲಿ ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆದೆ. ಗೆರೆಯಿಂದ ಕನ್ನಡಿಗೆ ಇನ್ನೂರ ನಲವತ್ತು. ಅರ್ಧ ಮಾಡಲು ನನಗೆ ಯಂತ್ರ ಬೇಕಾಗಲಿಲ್ಲ. ನಂಬಿಕೆ ಬಾರದೆ ಮತ್ತೆ ಅಳೆದೆ. ನನ್ನ ಟೇಪು, ಪಕ್ಕದ ಅಂಗಡಿಯ ದರ್ಜಿಯ ಟೇಪು, ಎದುರಿನ ಟೈಲ್ಸ್ ಕೆಲಸದವರ ಟೇಪು, ಮೂರರಲ್ಲೂ ಅದೇ. ನೂರ ಇಪ್ಪತ್ತು ಮಾವ. ನಿಮ್ಮ ಕನ್ನಡಿ ನೂರ ಇಪ್ಪತ್ತೇ.

ಹಾಗಾದರೆ ಐದು ಎಲ್ಲಿ ಹೋಯಿತು? ಕನ್ನಡಿಯಿಂದ ತೂತಿನ ನಡುವಿಗೆ ಅಳೆದೆ. ದುರ್ಬೀನಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಇವತ್ತಿಗೂ ನಿಮ್ಮಿಬ್ಬರ ಪೆನ್ಸಿಲ್ ನಕ್ಷೆ ಅಂಟಿಕೊಂಡಿದೆ. ‘ಕನ್ನಡಿಯಿಂದ ತೂತಿಗೆ 100’ ಎಂದು ಅಪ್ಪನ ಅಕ್ಷರದಲ್ಲಿದೆ. ಕೊಳವೆಯಲ್ಲಿ ಇರುವುದು ನೂರಾ ಐದು.

ತೂತು ತಪ್ಪು ಜಾಗದಲ್ಲಿದೆ. ಕನ್ನಡಿ ಸರಿ ಇದೆ. ಮೊದಲ ದಿನದಿಂದಲೂ ಸರಿ ಇತ್ತು.

ಅಪ್ಪನಿಗೆ ಇನ್ನೂ ಹೇಳಿಲ್ಲ. ಅವರು ಹಿಂತಿರುಗಿ ಬಂದು, ಕೂದಲು ಕತ್ತರಿಸಿದ ತಲೆ ಸವರಿಕೊಳ್ಳುತ್ತಾ “ಹೆಂಗಿದೆ?” ಎಂದಾಗ ನನಗೆ ಮುಖ ನೋಡಲಾಗಲಿಲ್ಲ. ನಿಮಗಾಗಿ ನನಗೆ ಅಳು ಬಂತು. ಅಪ್ಪನ ಮೇಲೆ ಸಿಟ್ಟು ಬಂತು. ಅವರ ಕಣ್ಣು ನೆನೆದು ಆ ಸಿಟ್ಟಿನ ಮೇಲೇ ಇನ್ನೊಂದು ಸಿಟ್ಟು ಬಂತು. ನಾನೇನು ಮಾಡಲಿ, ಹೇಳಿ.

ನಿಮ್ಮ ರಾಣಿ


ಏಪ್ರಿಲ್ 9
(ಕಾರ್ಡು)

ಇಪ್ಪತ್ತೆಂಟು ವರ್ಷ.

ಸಿಟ್ಟು ಇಳಿದ ಮೇಲೆ ಬರೆಯುತ್ತೇನೆ.


ಏಪ್ರಿಲ್ 18

ಮಾವನಿಗೆ,

ನಿಮ್ಮ ಸಿಟ್ಟು ಇಳಿಯುವ ತನಕ ಕಾಯಬೇಕಿತ್ತು. ಆದರೆ ಇಲ್ಲಿ ನಡೆದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂರಲು ನನ್ನಿಂದಾಗದು.

ನಿಮ್ಮ ಕಾರ್ಡು ಬಂದಾಗ ನಾನು ಅಡುಗೆಮನೆಯಲ್ಲಿದ್ದೆ. ಅಪ್ಪ ಬಾಗಿಲ ಹತ್ತಿರ ಬಗ್ಗಿ, ನೆಲ ತಡವಿ ಎತ್ತಿಕೊಂಡರು. ಅಂಚು ಸವರಿ, “ಕಾರ್ಡು. ಈ ಕಾಲ್ದಲ್ಲಿ ಯಾರಮ್ಮಾ ಕಾರ್ಡು ಬರೆಯೋರು? ಓದು,” ಎಂದರು. ಗ್ಯಾಸಿನವರದು ಎಂದುಬಿಡಬಹುದಿತ್ತು. ಇನ್ನೊಂದು ಸುಳ್ಳು ಹೇಳುವ ಮನಸ್ಸಾಗಲಿಲ್ಲ. ಇದ್ದ ಒಂದೂವರೆ ಸಾಲನ್ನು ಇದ್ದ ಹಾಗೆ ಓದಿದೆ.

ಅಪ್ಪ ಅಲ್ಲೇ ಮೆಟ್ಟಿಲ ಮೇಲೆ ಕೂತರು. “ಉಜ್ಜಪ್ಪಂದು,” ಎಂದರು.

“ಹೇಗೆ ಗೊತ್ತಾಯ್ತು?”

“ಇಪ್ಪತ್ತೆಂಟು ವರ್ಷ ಅಂತ ಲೆಕ್ಕ ಇಟ್ಕೊಂಡಿರೋರು ಇನ್ಯಾರಿದಾರೆ, ನನ್ ಬಿಟ್ರೆ?”

ಸ್ವಲ್ಪ ಹೊತ್ತು ಕಾರ್ಡನ್ನು ಬೆರಳಲ್ಲಿ ತಿರುಗಿಸುತ್ತಿದ್ದರು. ಆಮೇಲೆ, “ಅಳೆದ್ಯಾ?” ಎಂದರು.

“ಅಳೆದೆ.”

“ನೂರಾ ಐದು ಬಂತಾ?”

ಮಾವ, ಅವರಿಗೆ ಗೊತ್ತಿತ್ತು. ಹೇಗಾಯಿತೆಂದು ಅವರೇ ಬರೆದಿದ್ದಾರೆ, ನಾನು ಹೇಳುವುದಿಲ್ಲ. ನಾನು ಕೇಳಿದ್ದು ಒಂದೇ ಮಾತು: “ಯಾಕಪ್ಪಾ ಹೇಳ್ಲಿಲ್ಲ?”

“ಮೊದ್ಲು ನಾಚ್ಕೆ ಆಯ್ತು. ಆಮೇಲೆ ತಡ ಆಯ್ತು. ತಡ ಆದ್ಮೇಲೆ ಇನ್ನೂ ನಾಚ್ಕೆ ಆಯ್ತು.”

ಜೋರಾಗಿಯೇ ಬೈದೆ. ಒಬ್ಬ ಮನುಷ್ಯ ತನ್ನ ಕೈಯ ವಿದ್ಯೆ ಬಿಟ್ಟು ಕೂತ, ನೀವು ಗೆರೆ ತಪ್ಪಿದ್ದಕ್ಕೆ, ಎಂದೆ. ಹಾಗಾದರೆ ಈಗಲಾದರೂ ಕನ್ನಡಿ ಏರಿಸೋಣವೇ ಎಂದರೆ ಅಪ್ಪ ಬೇಡವೆಂದು ತಲೆಯಾಡಿಸಿದರು: “ಅವ್ನ ಕನ್ನಡಿ. ಅವ್ನು ಹೂಂ ಅನ್ನೋವರೆಗೂ ಬೋಲ್ಟು ಮುಟ್ಟಲ್ಲ. ನಂಗೆ ಚಂದ್ರ ಕಾಣ್ದಿದ್ರೂ ಪರ್ವಾಗಿಲ್ಲ.”

ಸ್ಟುಡಿಯೋದಿಂದ ದಪ್ಪ ಮಾರ್ಕರು ತರಿಸಿಕೊಂಡು ಅವರೇ ಬರೆದರು. ಹಾಳೆಗೆ ನಾಲ್ಕು ಸಾಲು, ಒಟ್ಟು ಹನ್ನೊಂದು ಹಾಳೆ. ಕೆಲವು ಕಡೆ ಸಾಲಿನ ಮೇಲೆ ಸಾಲು ಹತ್ತಿದೆ. ನಾನು ಒಂದಕ್ಷರವನ್ನೂ ತಿದ್ದಿಲ್ಲ.

ರಾಣಿ


(ಅದೇ ಲಕೋಟೆಯಲ್ಲಿ)

ಉಜ್ಜಪ್ಪ,

ಬಡಗಿ ಮೇಸ್ತ್ರಿ ಬರೆಯುವುದು.

ನನ್ನ ಮರದ ಅಳತೆಕೋಲು ನಿನಗೆ ಗೊತ್ತು. ತುದಿ ಸವೆದಿತ್ತು. ಐದರ ಗೆರೆಯಿಂದ ಶುರು ಮಾಡಿ, ಬೇಕಾದ ಅಳತೆಗೆ ಐದು ಕೂಡಿಸಿ ಗುರುತು ಹಾಕುತ್ತಿದ್ದೆ. ಇಪ್ಪತ್ತು ವರ್ಷ ಹಾಗೇ ಮಾಡಿದೆ, ಒಂದು ಬಾಗಿಲೂ ತಪ್ಪಲಿಲ್ಲ.

ದುರ್ಬೀನಿಗೆ ಆ ಕೋಲು ಬೇಡ, ನಿನ್ನ ಗಾಜಿಗೆ ತಕ್ಕ ಅಳತೆ ಇರಲಿ ಎಂದು ಹೊಸ ಉಕ್ಕಿನ ಟೇಪು ತಂದೆ. ಅದರ ತುದಿ ಸರಿಯಾಗಿತ್ತು, ಸೊನ್ನೆಯಿಂದಲೇ ಹಿಡಿದೆ. ಆದರೆ ಕೈ ಅಭ್ಯಾಸಬಲದಿಂದ ಐದು ಕೂಡಿಸಿತು. ನೂರರ ಬದಲು ನೂರಾ ಐದಕ್ಕೆ ತೂತು ಕೊರೆದೆ.

ಆವತ್ತು ನನಗೆ ಗೊತ್ತಿರಲಿಲ್ಲ. ಆಣೆಗೂ ಗೊತ್ತಿರಲಿಲ್ಲ. ನಾಲ್ಕು ತಿಂಗಳ ಮೇಲೆ ಅದೇ ಟೇಪಿನಲ್ಲಿ ಒಂದು ಶಾಲೆಗೆ ಆರು ಕಿಟಕಿ ಮಾಡಿದೆ. ಆರಕ್ಕೆ ಆರೂ ಐದು ಸೆಂಟಿಮೀಟರು ಉದ್ದ. ಗೋಡೆಗೆ ಕೂರಲಿಲ್ಲ. ಅಲ್ಲೇ ನಿಂತಲ್ಲಿ ನಿನ್ನ ಕನ್ನಡಿ ನೆನಪಾಯಿತು. ಮನೆಗೆ ಬಂದು ಕೊಳವೆ ಅಳೆದೆ. ಅಷ್ಟರಲ್ಲಿ ನೀನು ಊರು ಬಿಟ್ಟಿದ್ದೆ.

ಕಿಟಕಿ ಆರನ್ನೂ ಬಿಚ್ಚಿ ಸರಿ ಮಾಡಿಕೊಟ್ಟೆ. ನಿನ್ನದನ್ನು ಮಾತ್ರ ಸರಿ ಮಾಡಲಿಲ್ಲ.

ಎಲ್ಲರ ಎದುರು ನಿನ್ನನ್ನು ನೋಡಿ ನಕ್ಕೆ. ತಪ್ಪು ನನ್ನದು. ಕ್ಷಮಿಸು ಎಂದು ಕೇಳಲು ಬಾಯಿಲ್ಲ. ಕೇಳುತ್ತಿದ್ದೇನೆ.

ನಿನ್ನ ಚಪ್ಪಲಿ ಇನ್ನೂ ಇದೆ.

ಮೇಸ್ತ್ರಿ


ಮೇ 2

ಮೇಸ್ತ್ರಿ,

ಇದನ್ನು ರಾಣಿ ನಿನಗೆ ಓದಿ ಹೇಳುತ್ತಾಳೆ ಎಂದು ಗೊತ್ತು. ರಾಣಿ, ನಡುವೆ ಉಪ್ಪು ಖಾರ ಹಚ್ಚಬೇಡ.

ಸಿಟ್ಟು ಇಳಿದಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಒಂದು ಸಲ ಬರುತ್ತದೆ, ಸಂಜೆ ನಡೆಯುವಾಗ ಒಂದು ಸಲ. ನೀನು ನಕ್ಕದ್ದಕ್ಕಲ್ಲ. ನಾಲ್ಕು ತಿಂಗಳಿಗೇ ಗೊತ್ತಾದ ಮೇಲೂ ನೀನು ಒಂದು ಕಾರ್ಡು ಹಾಕಲಿಲ್ಲವಲ್ಲ, ಅದಕ್ಕೆ. ನನ್ನ ಮೇಲೂ ಇದೆ. ನಾಲ್ಕು ಸಲ ಅಳೆದವನು ಐದನೆಯ ಸಲ ನಿನ್ನ ತೂತನ್ನೂ ಅಳೆಯಬಾರದಿತ್ತೇ? ನನ್ನ ಕೈಗಿಂತ ನಿನ್ನ ಕೈಯನ್ನು ಹೆಚ್ಚು ನಂಬಿದೆ.

ನನ್ನ ಸಿಟ್ಟು ನಿಧಾನ. ನಿನ್ನ ಕಣ್ಣು ಅಷ್ಟು ದಿನ ಕಾಯುವುದಿಲ್ಲ. ಹೂಂ ಎಂದಿದ್ದೇನೆ, ಬೋಲ್ಟು ಬಿಚ್ಚು. ಜೊತೆಗಿರುವ ಪೊಟ್ಟಣದಲ್ಲಿ ಉದ್ದದ ಬೋಲ್ಟು ಮೂರು, ಸ್ಪ್ರಿಂಗು ಮೂರು ಇವೆ. ಜೊತೆಗೆ ಐದು ಸೆಂಟಿಮೀಟರಿನ ಒಂದು ಕೊಳವೆ ತುಂಡು. ಕನ್ನಡಿ ಏರಿಸಿದ ಮೇಲೆ ಐಪೀಸು ಹಾಕಬೇಕೆನಿಸಿದರೆ ಅದನ್ನು ನಡುವೆ ಸಿಕ್ಕಿಸಬೇಕು, ಇಲ್ಲದಿದ್ದರೆ ಈಗ ಐಪೀಸಿಗೆ ಬಿಂಬ ಸಿಗುವುದಿಲ್ಲ. ಬಿಚ್ಚುವ ಮೊದಲು ಕನ್ನಡಿಯ ಹಿಂಬದಿಗೂ ಮರಕ್ಕೂ ಒಂದೇ ನೇರದಲ್ಲಿ ಪೆನ್ಸಿಲ್ ಗುರುತು ಹಾಕಿ. ಮುಖಕ್ಕೆ ಬೆರಳು ಸೋಕಿಸಬೇಡಿ.

ಐದು ಸೆಂಟಿಮೀಟರು ಎಂದರೆ ಐದು. ಏನನ್ನೂ ಕೂಡಿಸಬೇಡ.

ಗಾಜಿನ ಕೆಲಸದವನು


ಮೇ 11

ಮಾವಾ,

ಬಂದ! ಪೂರ್ತಿ ಬಂದ, ಅಂಚು ಸಮೇತ!

ಕೆಲಸವೆಲ್ಲ ಅಪ್ಪನೇ ಮಾಡಿದರು. ನಾನು ಟೇಪು ಹಿಡಿಯುವುದಕ್ಕೆ ಮಾತ್ರ. ಊಟದ ಮೇಜಿನ ಮೇಲೆ ಹಳೆಯ ಕಂಬಳಿ ಹಾಸಿ ಕೊಳವೆ ಮಲಗಿಸಿದೆವು. ಕಣ್ಣು ಮುಚ್ಚಿಕೊಂಡೇ ಬೋಲ್ಟು ಬಿಚ್ಚಿದರು, ತೆರೆದಿದ್ದರೆ ಆ ಮಚ್ಚೆ ಅಡ್ಡ ಬರುತ್ತದಂತೆ. ಕನ್ನಡಿಯ ಬದಿಯನ್ನು ಅಂಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಸವರಿದರು. “ಎಷ್ಟು ನುಣ್ಣಗಿದೆ ನೋಡು, ಬೆಳಕು ಮುಟ್ಟದೇ ಇರೋ ಕಡೇನೂ ಉಜ್ಜಿದಾನೆ,” ಎಂದರು. ಏರಿಸಿದ ಮೇಲೆ “ಅಳಿ” ಎಂದರು. ಅಳೆದೆ. ನೂರು. “ಇನ್ನೊಂದ್ಸಲ,” ಎಂದರು. ಆರು ಸಲ ಅಳೆಸಿದರು ಮಾವ, ಕೊನೆಗೆ ದರ್ಜಿಯ ಟೇಪೂ ತರಿಸಿದರು.

ನಿನ್ನೆ ಅರ್ಧ ಚಂದ್ರ. ಸಂಜೆಯಾಗುತ್ತಿದ್ದಂತೆ ಅಪ್ಪ ಕೋಲು ಊರಿಕೊಂಡು ಬೀದಿಗೆ ಹೊರಟರು. ಎಲ್ಲಿಗೆ ಎಂದರೆ ಹೇಳಲಿಲ್ಲ. ಅರ್ಧ ಗಂಟೆಯಲ್ಲಿ ಮನೆ ತುಂಬಾ ಜನ. ಆವತ್ತು ಕುರ್ಚಿ ತಂದು ಕೂತಿದ್ದವರಲ್ಲಿ ಈಗ ಉಳಿದಿರುವವರು ಏಳು. ದರ್ಜಿಯ ಅಮ್ಮ, ಮೂಲೆಮನೆಯ ನರ್ಸಮ್ಮ, ಹಾಲಿನವರು, ಎಲ್ಲರನ್ನೂ ಮನೆ ಮನೆಗೆ ಹೋಗಿ ಕರೆದಿದ್ದಾರೆ. ಅಪ್ಪ ಟೀವಿಯ ಪಕ್ಕ ನಿಂತು, “ಟೀವಿ ಹಾಕೋಕ್ ಮುಂಚೆ ಒಂದ್ ಮಾತು,” ಎಂದರು. “ಆವತ್ತು ಉಜ್ಜಪ್ಪನ ಕನ್ನಡಿ ಐದು ಕಮ್ಮಿ ಅಂದೆ. ನೀವೆಲ್ಲ ನಕ್ರಿ. ಕನ್ನಡಿ ಸರಿಯಾಗಿತ್ತು. ತೂತು ನಾನು ತಪ್ಪು ಕೊರ್ದಿದ್ದೆ. ನಗೋದಾದ್ರೆ ಈಗ ನನ್ ನೋಡಿ ನಗಿ.”

ಯಾರೂ ನಗಲಿಲ್ಲ. ನರ್ಸಮ್ಮ ಮಾತ್ರ, “ಇದನ್ನ ಹೇಳಕ್ಕೆ ಇಷ್ಟು ವರ್ಷ ಬೇಕಾಯ್ತಾ ಮೇಸ್ತ್ರಿ?” ಎಂದರು. “ಬೇಕಾಯ್ತಮ್ಮ,” ಎಂದರು ಅಪ್ಪ.

ನಾನು ತಾರಸಿಗೆ ಓಡಿದೆ. ಫೋಕಸ್ ಕೊಳವೆ ತಿರುಗಿಸಿದೆ. ಬಿಳಿ ಕಲೆ ಚಿಕ್ಕದಾಯಿತು, ಇನ್ನೂ ಚಿಕ್ಕದಾಯಿತು, ಕೊಳವೆ ತಳಕ್ಕೆ ತಾಗುವ ಮೊದಲೇ, ಇನ್ನೂ ಒಂದು ಬೆರಳು ಉಳಿದಿರುವಾಗಲೇ, ಅಂಚು ಕತ್ತರಿಸಿದ ಹಾಗೆ ಚೂಪಾಯಿತು. ಕೆಳಗಿನಿಂದ ಒಂದೇ ಗದ್ದಲ. ನಾನು ಇಳಿದು ಬರುವಾಗ ಅಪ್ಪ ಟೀವಿಗೆ ಕಿವಿ ಕೊಟ್ಟವರಂತೆ ಮುಖ ಪಕ್ಕಕ್ಕೆ ತಿರುಗಿಸಿ, ಬೆರಳಲ್ಲಿ ಪರದೆಯ ಮೇಲೆ ಚಂದ್ರನ ಅಂಚನ್ನು ಮೇಲಿನಿಂದ ಕೆಳಗೆ ಸವರುತ್ತಿದ್ದರು. ಕತ್ತಲೂ ಬೆಳಕೂ ಸೇರುವ ಗೆರೆಯಲ್ಲಿ ಗುಂಡಿಗಳಿವೆಯಲ್ಲ, ಅಲ್ಲಿ ಬೆರಳು ನಿಲ್ಲಿಸಿ ಎಣಿಸಿದರು. ಒಂಬತ್ತು ಸಿಕ್ಕವು. ಅವರ ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ.

“ಉಜ್ಜಪ್ಪಂಗೆ ಬರಿ, ಕಾಣ್ತು ಅಂತ,” ಎಂದರು. ಬರೆದಿದ್ದೇನೆ. ಫೋಟೋ ಇಟ್ಟಿದ್ದೇನೆ, ನನ್ನ ಸ್ಟುಡಿಯೋದ ಅತಿ ದೊಡ್ಡ ಹಾಳೆಯಲ್ಲಿ. ಗದ್ದ ಸ್ವಲ್ಪ ಕೆಳಗೆ ಎಂದು ಹೇಳಬೇಕಾಗಲಿಲ್ಲ.

ನಿಮ್ಮ ರಾಣಿ


ಮೇ 22

ಮೇಸ್ತ್ರಿಗೂ ರಾಣಿಗೂ,

ಫೋಟೋ ಬಂತು. ಕಿಟಕಿಯ ಹತ್ತಿರ ಇಟ್ಟುಕೊಂಡು, ಭೂತಗನ್ನಡಿಯಲ್ಲಿ ಒಂದು ಗಂಟೆ ನೋಡಿದೆ. ನಡುವೆ ಚೆನ್ನಾಗಿದೆ. ಅಂಚಿನ ಹತ್ತಿರ ಬೆಳಕು ತುಸು ಹರಡಿದೆ, ನಿಮ್ಮ ಕಣ್ಣಿಗೆ ಬಿದ್ದಿರಲಾರದು. ಕೊನೆಯ ವಾರ ನಾನು ಆತುರಪಟ್ಟು ಕನ್ನಡಿಯ ಅಂಚನ್ನು ಒಂದು ಕೂದಲೆಳೆ ಹೆಚ್ಚು ಉಜ್ಜಿದ್ದೇನೆ. ಇದು ನನ್ನ ತಪ್ಪು, ಅಪ್ಪಟ ನನ್ನದು. ಆ ಏಳು ಜನರನ್ನು ಮತ್ತೆ ಕೂರಿಸಿ ಇದನ್ನೂ ಹೇಳು ಮೇಸ್ತ್ರಿ. ಒಬ್ಬನೇ ಹೊತ್ತುಕೊಂಡು ಮೆರೆಯಬೇಡ.

ಸಿಟ್ಟು ಈಗ ಹಲ್ಲುಜ್ಜುವಾಗ ಮಾತ್ರ ಬರುತ್ತಿದೆ.

ನನಗೆ ಕಿವಿ ಮಾತ್ರ ಕೇಳುವುದಿಲ್ಲ, ಕೈಗೆ ಏನೂ ಆಗಿಲ್ಲ. ಮೊನ್ನೆ ಇಪ್ಪತ್ತು ಸೆಂಟಿಮೀಟರಿನ ಗಾಜೊಂದನ್ನು ತರಿಸಿದೆ. ಹಿತ್ತಿಲಲ್ಲಿ ಒಂದು ಡ್ರಮ್ಮು ಸಿಕ್ಕಿತು. ನಿನ್ನೆ ಸುತ್ತಲೂ ಮೊದಲ ಸುತ್ತು ನಡೆದೆ, ಮಂಡಿ ನೋಯಿತು, ನಿಲ್ಲಿಸಲಿಲ್ಲ. ಈ ಸಲ ಏಳು ತಿಂಗಳು ತೆಗೆದುಕೊಳ್ಳುವುದಿಲ್ಲ, ನಿನ್ನ ಕಣ್ಣು ಪೂರ್ತಿ ಮಂಕಾಗುವ ಮುಂಚೆ ಮುಗಿಸುತ್ತೇನೆ. ಮುಗಿದ ಮೇಲೆ ನಾನೇ ತರುತ್ತೇನೆ. ಚಪ್ಪಲಿ ಬಾಗಿಲ ಹತ್ತಿರ ಇಟ್ಟಿರು.

ಕೊಳವೆ ನೀನೇ ಮಾಡಬೇಕು, ಬೇರೆಯವರ ಕೈಯ ಮೂಲೆಗಳು ನನಗೆ ಹಿಡಿಸುವುದಿಲ್ಲ. ಅಳತೆ ಮಾತ್ರ ರಾಣಿ ತೆಗೆಯಲಿ. ನೀನು ಗರಗಸ ಹಿಡಿ.

ಉಜ್ಜಪ್ಪ